ಅಂಗಿ ಒಳಗೆ ತಿರುಗಿಸಿ ನೋಡಿ: ಖಣ, ಇಳಕಲ್, ಖಾದಿ, ಅಜ್ರಖ್ ಬಟ್ಟೆಯ ಹೊಸ ಉಡುಪುಗಳು

ಗುಳೇದಗುಡ್ಡದ ಖಣದಲ್ಲಿ ಹೊಲಿದ ಬಾಂಬರ್ ಜಾಕೆಟ್ಟು, ಇಳಕಲ್ ಅಂಚು ಕೂಡಿಸಿದ ದೊಗಳೆ ಶರ್ಟು, ಖಾದಿಯ ಕಾರ್ಗೋ ಪ್ಯಾಂಟು, ಅಜ್ರಖ್ ಮುದ್ರೆಯ ಜೋಡಿ ಉಡುಪು. ಕಾಲೇಜಿಗೆ ಹೋಗುವವರು, ಹೊಸದಾಗಿ ಕೆಲಸಕ್ಕೆ ಸೇರಿದವರು ಇವನ್ನು ಆಸೆಪಟ್ಟು ಕೊಳ್ಳುತ್ತಿದ್ದಾರೆ. ಕೊಂಡ ಬಟ್ಟೆಗಳಲ್ಲಿ ಕೆಲವು ವಾರಕ್ಕೆ ಎರಡು ಮೂರು ಸಲ ಮೈಮೇಲೆ ಬರುತ್ತವೆ. ಇನ್ನು ಕೆಲವು ಎರಡನೇ ಒಗೆತಕ್ಕೇ ಕಪಾಟು ಸೇರುತ್ತವೆ. ಬಟ್ಟೆಯ ಹೆಸರು ದೊಡ್ಡದಿದ್ದ ಮಾತ್ರಕ್ಕೆ ಉಡುಪು ಹಾಯಾಗಿರುವುದಿಲ್ಲ. ಆ ಬಟ್ಟೆಗೆ ತಕ್ಕ ಕತ್ತರಿಕೆ, ತಕ್ಕ ಹೊಲಿಗೆ ಬಿದ್ದಿರಬೇಕು. ಇಲ್ಲಿ ಒಂದು ಕಂಪನಿಯನ್ನು ಎತ್ತಿ ಇನ್ನೊಂದನ್ನು ಇಳಿಸುವ ಕೆಲಸ ಮಾಡಿಲ್ಲ. ಮಾರುಕಟ್ಟೆಯಲ್ಲಿ ಹೆಚ್ಚು ಕಾಣುವ ಉಡುಪುಗಳನ್ನು ಬಟ್ಟೆಯ ಕಡೆಯಿಂದ, ದರ್ಜಿಯ ಮೇಜಿನ ಕಡೆಯಿಂದ ನೋಡಿದ್ದೇವೆ.

ಬೀದಿ ಫ್ಯಾಶನ್ನಿಗೆ ನಮ್ಮ ಬಟ್ಟೆಯ ನಂಟು ಹೊಸದೇನಲ್ಲ. ಹುಡುಗರು ತಲೆಗೆ ಕಟ್ಟುವ ಬಂಡಾನಾದ ಹೆಸರು ನಮ್ಮ ಗಂಟು ಬಣ್ಣದ ಬಾಂಧನಿಯಿಂದ ಹೋದದ್ದು, ಡಂಗರಿ ಎಂಬ ಹೆಸರು ಮುಂಬೈಯ ಡೋಂಗ್ರಿಯ ಒರಟು ಬಟ್ಟೆಯಿಂದ ಬಂದದ್ದು. ಈಗ ಬದಲಾಗಿರುವುದು ಒಂದೇ: ಸೀರೆಗೆ, ಕುಪ್ಪಸಕ್ಕೆ ಎಂದು ನೇಯ್ದ ಬಟ್ಟೆಯನ್ನೇ ನೇರವಾಗಿ ಶರ್ಟು ಜಾಕೆಟ್ಟುಗಳಿಗೆ ಕತ್ತರಿಸಲಾಗುತ್ತಿದೆ. ತೊಂದರೆಗಳೂ ಅಲ್ಲಿಂದಲೇ ಶುರುವಾಗುತ್ತವೆ.

ಟೀ ಶರ್ಟು, ಟೊಪ್ಪಿಗೆ ಇರುವ ಹೂಡಿ, ಜಾಗರ್ ಪ್ಯಾಂಟು ಎಲ್ಲವೂ ಹೊಸೈರಿ ಬಟ್ಟೆಯವು. ಅದರಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಸಿಕ್ಕಿಕೊಂಡಿರುವುದರಿಂದ ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುತ್ತದೆ. ಮಗ್ಗದ ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ಹಾಸಿನ ಎಳೆ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಎರಡೂ ನೇರವಾಗಿ ಬಿಗಿದುಕೊಂಡಿರುತ್ತವೆ. ಉದ್ದಕ್ಕೂ ಹಿಗ್ಗದು, ಅಡ್ಡಕ್ಕೂ ಹಿಗ್ಗದು, ಓರೆಯಾಗಿ ಎಳೆದರೆ ಮಾತ್ರ ಸ್ವಲ್ಪ ಜಗ್ಗುತ್ತದೆ. ಹಾಗಾಗಿ ಟೀ ಶರ್ಟಿನ ನಕ್ಷೆಯಿಟ್ಟು ಕೈಮಗ್ಗದ ಬಟ್ಟೆ ಕತ್ತರಿಸಿದರೆ ಕೈ ಎತ್ತಿದಾಗ ಅಂಗಿ ಪೂರ್ತಿ ಮೇಲೇರುತ್ತದೆ, ಬೈಕಿನ ಹ್ಯಾಂಡಲ್ ಹಿಡಿದಾಗ ಬೆನ್ನು ಬಿಗಿಯುತ್ತದೆ, ಕೊನೆಗೆ ಕಂಕುಳ ಹೊಲಿಗೆಯ ಪಕ್ಕದಲ್ಲಿ ಎಳೆಗಳು ಸರಿದು ಬಟ್ಟೆ ಬಾಯಿ ಬಿಡುತ್ತದೆ. ಎದೆಯ ಸುತ್ತಳತೆ 38 ಇಂಚು ಇರುವವರಿಗೆ ಹೊಸೈರಿ ಟೀ ಶರ್ಟು 40 ಇದ್ದರೂ ನಡೆಯುತ್ತದೆ. ಕೈಮಗ್ಗದ ದೊಗಳೆ ಶರ್ಟು 46ರಿಂದ 48 ಇರಬೇಕು. ಭುಜದ ಹೊಲಿಗೆ ಮೂಳೆಯಿಂದ ಎರಡು ಇಂಚು ಕೆಳಗಿಳಿದಿರಬೇಕು. ತೋಳು ಅಂಗಿಗೆ ಕೂಡುವ ಬಾಯಿಯನ್ನು ಮಡಿಚಿ ಅಳೆದಾಗ ಹತ್ತೂವರೆ ಇಂಚಿಗೆ ಕಡಿಮೆ ಇರಬಾರದು.

ಹಳೆಯ ದರ್ಜಿಗಳಿಗೆ ಇದು ಗೊತ್ತಿತ್ತು. ಜುಬ್ಬಾದ ಕಂಕುಳಲ್ಲಿ ಚೌಕದ ಸಣ್ಣ ತುಂಡು, ಪೈಜಾಮದ ಎರಡು ಕಾಲು ಕೂಡುವ ಕವಲಿನಲ್ಲಿ ವಜ್ರಾಕಾರದ ತುಂಡು ಕೂಡಿಸುತ್ತಿದ್ದದ್ದು ಇದೇ ಕಾರಣಕ್ಕೆ. ಆ ತುಂಡು ಓರೆಯಾಗಿ ಕೂರುತ್ತದೆ, ಓರೆಗೆ ಬಟ್ಟೆ ಜಗ್ಗುತ್ತದೆ, ಕೈಕಾಲು ಸಲೀಸಾಗಿ ಆಡುತ್ತವೆ. ಹೊಸ ಉಡುಪು ಕೈಗೆ ಸಿಕ್ಕಾಗ ಮೊದಲು ಕಂಕುಳು ನೋಡಿ. ಅಲ್ಲಿ ಮೂರು ಇಂಚಿನ ಚೌಕದ ತುಂಡು ಕಂಡರೆ ಬಟ್ಟೆಯನ್ನು ಅರಿತವರು ಹೊಲಿದಿದ್ದಾರೆ ಎಂದು ನಂಬಬಹುದು.

ಈಗ ಖಣದ ಜಾಕೆಟ್ಟಿಗೆ ಬರೋಣ. ಇದಕ್ಕೆ ಹೆಚ್ಚು ಜಾಗ ಕೊಡುತ್ತೇವೆ. ನೋಡಲು ಎಲ್ಲಕ್ಕಿಂತ ಚೆಂದ ಇದೇ, ಕೆಡುವುದೂ ಇದರಲ್ಲೇ ಹೆಚ್ಚು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಅದು ಕುಪ್ಪಸಕ್ಕೆಂದೇ ನೇಯುವ ಬಟ್ಟೆ. ಸೂರ್ಯನಾರಾಯಣ, ಸಿದ್ಧೇಶ್ವರ ಮುಖ, ತೇರು ಮುಂತಾದ ಬುಟ್ಟಾಗಳು ಹೊಕ್ಕಿನಲ್ಲಿ ಬರುವುದಿಲ್ಲ, ಹಾಸಿನ ಹೆಚ್ಚುವರಿ ಎಳೆಗಳಿಂದ ಏಳುತ್ತವೆ. ಬುಟ್ಟಾ ಇಲ್ಲದ ಕಡೆ ಆ ಎಳೆಗಳು ಬಟ್ಟೆಯ ಹಿಂಬದಿಯಲ್ಲಿ ಸಡಿಲವಾಗಿ ತೇಲುತ್ತಿರುತ್ತವೆ. ಅಸ್ತರಿಲ್ಲದೆ ಹೊಲಿದರೆ ಉಂಗುರ, ಗಡಿಯಾರದ ಪಟ್ಟಿ, ಉಗುರು ಇವಕ್ಕೆ ಆ ಎಳೆ ಸಿಕ್ಕುತ್ತದೆ. ಒಂದು ಎಳೆ ಜಗ್ಗಿದರೆ ಎದುರು ಬದಿಯಲ್ಲಿ ಬುಟ್ಟಾಗಳ ಸಾಲೇ ಸುಕ್ಕಾಗುತ್ತದೆ. ಅದನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಆದ್ದರಿಂದ ಖಣದ ಜಾಕೆಟ್ಟಿಗೆ ಅಸ್ತರು ಇರಲೇಬೇಕು, ಅದೂ ಹತ್ತಿಯದು. ಕೇಂಬ್ರಿಕ್ ಅಥವಾ ಮಲ್ ಬಟ್ಟೆ ಸಾಕು. ಹೆಚ್ಚಿನ ಸಿದ್ಧ ಜಾಕೆಟ್ಟುಗಳಲ್ಲಿ ಹೊಳೆಯುವ ಪಾಲಿಯೆಸ್ಟರ್ ಅಸ್ತರು ಹಾಕಿರುತ್ತಾರೆ. ಅದು ಜಾರುವುದರಿಂದ ತೊಡಲು ಸುಲಭ, ದರ್ಜಿಗೂ ಅಗ್ಗ. ಆದರೆ ಬೆವರು ಹೀರುವುದಿಲ್ಲ. ಹೊರಗೆ ಎಷ್ಟು ಒಳ್ಳೆಯ ಖಣ ಇದ್ದರೂ ಒಳಗೆ ಮೈ ಒದ್ದೆಯಾಗಿ ಅಂಟುತ್ತದೆ. ತೋಳಿಗೆ ಮಾತ್ರ ಜಾರುವ ಅಸ್ತರು, ಬೆನ್ನು ಎದೆಗೆ ಹತ್ತಿ ಅಸ್ತರು ಹಾಕುವುದು ಒಳ್ಳೆಯ ದಾರಿ.

ಎರಡನೆಯದು ಪನ್ನದ, ಅಂದರೆ ಬಟ್ಟೆಯ ಅಗಲದ ಲೆಕ್ಕ. ಕೈಮಗ್ಗದ ಖಣದ ಪನ್ನ ಕಿರಿದು, ಮೂವತ್ತು ಇಂಚಿನ ಆಸುಪಾಸು. ಸುತ್ತಳತೆ 48 ಇಂಚಿನ ಜಾಕೆಟ್ಟಿನ ಬೆನ್ನಿಗೆ 24 ಇಂಚು, ಎರಡು ಬದಿಯ ಹೊಲಿಗೆಗೆ ಇನ್ನೊಂದೂವರೆ ಇಂಚು ಸಾಕು. ಅಂದರೆ ಬೆನ್ನು ನಡುವೆ ಜೋಡಣೆ ಇಲ್ಲದೆ ಒಂದೇ ತುಂಡಿನಲ್ಲಿ ಬರುತ್ತದೆ. ಆದರೆ ತೋಳುಗಳು ಅಕ್ಕಪಕ್ಕ ಹಿಡಿಸುವುದಿಲ್ಲ, ಒಂದರ ಕೆಳಗೊಂದು ಕತ್ತರಿಸಬೇಕು. ಒಟ್ಟು ಮೂರೂಕಾಲು ಮೀಟರ್ ಬೇಕಾಗುತ್ತದೆ. ಕುಪ್ಪಸದ ಅಳತೆಯ ತುಂಡುಗಳನ್ನು ಕೊಂಡು ಜೋಡಿಸುವುದಾದರೆ ಎಲ್ಲವೂ ಒಂದೇ ಹಾಸಿನವೇ, ಅಂದರೆ ಮಗ್ಗಕ್ಕೆ ಒಮ್ಮೆ ಏರಿಸಿದ ಎಳೆಗಳವೇ ಎಂದು ಅಂಗಡಿಯವರನ್ನು ಕೇಳಿ. ಬೇರೆ ಬೇರೆ ಹಾಸಿನ ತುಂಡುಗಳು ಅಂಗಡಿಯ ದೀಪದಡಿ ಒಂದೇ ಬಣ್ಣ ಕಂಡರೂ ಬಿಸಿಲಿಗೆ ಬಂದಾಗ ಬೆನ್ನು ಒಂದು ಛಾಯೆ, ತೋಳು ಇನ್ನೊಂದು ಛಾಯೆ ಆಗಿಬಿಡುತ್ತದೆ. ತೇರಿನಂಥ ಬುಟ್ಟಾಕ್ಕೆ ಮೇಲು ಕೆಳಗು ಇದೆ. ಬಟ್ಟೆ ಉಳಿಸಲು ಒಂದು ಭಾಗವನ್ನು ತಿರುಗಿಸಿ ಕತ್ತರಿಸಿದರೆ ಬೆನ್ನಿನ ತೇರು ನೆಟ್ಟಗೆ, ತೋಳಿನ ತೇರು ಮಗುಚಿ ನಿಲ್ಲುತ್ತದೆ. ಆ ತೇರನ್ನು ಮಗ್ಗದ ಮೇಲೆ ನಿಲ್ಲಿಸಿದ ನೇಕಾರರ ಕೆಲಸಕ್ಕೆ ಅದು ಅನ್ಯಾಯ. ಕೊಳ್ಳುವವರು ಇದನ್ನು ಒಪ್ಪಬಾರದು.

ಹೊಲಿಗೆಯಂಚು ಕನಿಷ್ಠ ಅರ್ಧ ಇಂಚು ಬಿಟ್ಟಿರಬೇಕು. ಖಣ ನುಣುಪಾದ ಬಟ್ಟೆ, ಎಳೆ ಸರಿಯುತ್ತದೆ. ಕಾಲಿಂಚು ಬಿಟ್ಟು ಅಂಚು ಸುತ್ತುವ ಓವರ್‌ಲಾಕ್ ಹೊಡೆದರೆ ಬೆನ್ನಿನ ಎಳೆತಕ್ಕೆ ಹೊಲಿಗೆ ಹಾಗೇ ಇದ್ದು ಬಟ್ಟೆ ಮಾತ್ರ ಕಿತ್ತುಬರುತ್ತದೆ. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಬೆನ್ನು ಮತ್ತು ತೋಳು ಕೂಡುವ ಹೊಲಿಗೆಯ ಎರಡೂ ಬದಿಯನ್ನು ಹೆಬ್ಬೆರಳಿನಿಂದ ಹಿಡಿದು ಮೆಲ್ಲಗೆ ಎಳೆಯಿರಿ. ಹೊಲಿಗೆ ಗೆರೆಯ ಪಕ್ಕ ಏಣಿಯ ಮೆಟ್ಟಿಲಿನಂತೆ ಸಂದು ಕಂಡರೆ ಆ ಜಾಕೆಟ್ಟು ಹೆಚ್ಚು ಬಾಳುವುದಿಲ್ಲ. ಹೊಲಿಯಿಸುವವರು ಬಟ್ಟೆಯ ಹಿಂಬದಿಗೆ ಇಸ್ತ್ರಿಯ ಬಿಸಿಗೆ ಅಂಟುವ ತೆಳು ಫ್ಯೂಸಿಂಗ್ ಪದರ ಅಂಟಿಸಲು ಹೇಳಬಹುದು, ಎಳೆ ಸರಿಯುವುದು ಬಹಳ ಕಡಿಮೆಯಾಗುತ್ತದೆ. ಮೊದಲು ಚೂರಿನ ಮೇಲೆ ಅಂಟಿಸಿ ನೋಡಲೇಬೇಕು, ಇಸ್ತ್ರಿಯ ಬಿಸಿಗೆ ನಕಲಿ ರೇಷ್ಮೆಯ ಎಳೆ ಮುದುಡಬಹುದು.

ಖಣ ಎಂದು ಮಾರುವುದೆಲ್ಲ ಕೈಮಗ್ಗದ್ದಲ್ಲ. ವಿದ್ಯುತ್ ಮಗ್ಗದ, ಪಾಲಿಯೆಸ್ಟರ್ ಬೆರೆತ ಅಗಲ ಪನ್ನದ ಖಣವೇ ಸಿದ್ಧ ಉಡುಪುಗಳಲ್ಲಿ ಹೆಚ್ಚು. ಅದನ್ನು ಅದೇ ಹೆಸರಿನಲ್ಲಿ, ಅದರ ಬೆಲೆಗೆ ಮಾರಿದರೆ ತಪ್ಪಿಲ್ಲ. ಚೀಲಕ್ಕೆ, ಟೋಪಿಗೆ ಅದು ಚೆನ್ನಾಗಿಯೇ ಬಾಳುತ್ತದೆ. ಗುರುತಿಸಬೇಕೆಂದರೆ ಒಳ ಹೊಲಿಗೆಯಿಂದ ಎರಡು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ನಮ್ಮ ಅಭಿಪ್ರಾಯ ಇಷ್ಟು: ಪೂರ್ತಿ ಖಣದ ಶರ್ಟು ಬೇಡ. ಹತ್ತಿ ಅಸ್ತರಿನ ಖಣದ ಜಾಕೆಟ್ಟು ಸಂಜೆಗೆ, ಚಳಿಗಾಲಕ್ಕೆ, ಸಮಾರಂಭಕ್ಕೆ ಒಪ್ಪುತ್ತದೆ. ದಿನ ಬಳಕೆಗಾದರೆ ಖಾದಿ ಅಥವಾ ಡೆನಿಮ್ ಜಾಕೆಟ್ಟಿನ ಭುಜಪಟ್ಟಿ, ಕಾಲರ್, ಕಿಸೆಯ ಮೇಲುಪಟ್ಟಿಗೆ ಖಣ ಹಾಕಿಸುವುದೇ ಸರಿ. ಮುಕ್ಕಾಲು ಮೀಟರ್ ಖಣದಲ್ಲಿ ಮುಗಿಯುತ್ತದೆ, ಮೈಗೆ ತಾಗುವುದು ಹತ್ತಿಯೇ.

ಇಳಕಲ್ ಶರ್ಟಿನ ಕಥೆ ಬೇರೆ. ಇಳಕಲ್ ಸೀರೆಯ ಒಡಲು ಹತ್ತಿಯದಿದ್ದರೆ ಅದರಷ್ಟು ಹಿತವಾದ ಶರ್ಟಿನ ಬಟ್ಟೆ ಸಿಗುವುದು ಕಷ್ಟ. ತೆಳು, ಗಟ್ಟಿ, ಕಡ್ಡಿ ಅಥವಾ ಚೌಕಡಿ ನಮೂನೆ, ಒಗೆದಷ್ಟೂ ಮೆತ್ತಗೆ. ದಾಳಿಂಬೆ ಕೆಂಪು, ನವಿಲು ಹಸಿರಿನ ಆಳ ಬೇರೆ ಬಟ್ಟೆಗೆ ಸುಲಭವಾಗಿ ಬರುವುದಿಲ್ಲ. ಅಂಚನ್ನು ಗುಂಡಿಪಟ್ಟಿಗೆ, ತೋಳಿನ ತುದಿಗೆ ಹಾಕಿ ಅರ್ಧ ತೋಳಿನ ಶರ್ಟು ಹೊಲಿದರೆ ಹುಡುಗ ಹುಡುಗಿ ಇಬ್ಬರಿಗೂ ಒಪ್ಪುತ್ತದೆ.

ಕೆಡುವುದು ಎಲ್ಲಿ ಅಂದರೆ, ಒಡಲು ಹತ್ತಿ, ಅಂಚು ನಕಲಿ ರೇಷ್ಮೆ ಅಥವಾ ಪಾಲಿಯೆಸ್ಟರ್. ಮೊದಲ ಒಗೆತಕ್ಕೆ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಗುಂಡಿಪಟ್ಟಿ ಹಪ್ಪಳದಂತೆ ಅಲೆಅಲೆಯಾಗಿ ಏಳುತ್ತದೆ, ಇಸ್ತ್ರಿ ಹಾಕಿದರೂ ಕೂರುವುದಿಲ್ಲ. ಪರಿಹಾರ ಸುಲಭ, ಆದರೆ ಕತ್ತರಿಸುವ ಮುಂಚೆಯೇ ಮಾಡಬೇಕು. ಬಟ್ಟೆಯನ್ನು ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿ, ಗಂಜಿ ಬಿಡಿಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಅರೆ ಹಸಿ ಇರುವಾಗ ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಿಡಿಯಬೇಕು. ಕೈಮಗ್ಗದ ಹತ್ತಿ ನೂರಕ್ಕೆ ಐದು ಕುಗ್ಗಿದರೂ 28 ಇಂಚಿನ ಉದ್ದದಲ್ಲಿ ಸುಮಾರು ಒಂದೂವರೆ ಇಂಚು ಹೋಗುತ್ತದೆ. ಸಿದ್ಧ ಶರ್ಟು ಕೊಳ್ಳುವಾಗ ಬಟ್ಟೆಯನ್ನು ಮುಂಚೆ ಒಗೆದು ಹೊಲಿದಿದ್ದೀರಾ ಎಂದು ಕೇಳಿ. ಉತ್ತರ ತಡವರಿಸಿದರೆ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ.

ಸೆರಗಿನ ಬಟ್ಟೆಯನ್ನು ಬೆನ್ನಿಗೆ ಹಾಕುವ ರೂಢಿಯೂ ಬಂದಿದೆ. ಇಳಕಲ್ಲಿನಲ್ಲಿ ಒಡಲಿನ ಹಾಸು ಮತ್ತು ಸೆರಗಿನ ಹಾಸನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ತೋಪು ತೆನಿ ಎಂಬ ಆ ಜೋಡಣೆಯೇ ಈ ಸೀರೆಯ ಹೆಗ್ಗುರುತು. ಅದು ಬೆನ್ನಿಗೆ ಅಡ್ಡವಾಗಿ ಬಂದರೆ ನೋಡಲು ಬಹಳ ಚೆಂದ. ಮೊಣಕೈ, ಭುಜ, ಕಂಕುಳದಂಥ ಎಳೆತದ ಜಾಗಕ್ಕೆ ಬರಬಾರದು. ಹಳೆ ಸೀರೆಯಿಂದ ಹೊಲಿಸುವವರು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ನೆರಿಗೆ ಬೀಳುತ್ತಿದ್ದ ಜಾಗ, ಕಾಲಿನ ಕಡೆಯ ಅಂಚು ಸವೆದಿರುತ್ತದೆ. ಅವನ್ನು ಬಿಟ್ಟು ಉಳಿದದ್ದರಲ್ಲಿ ಅಂಗಿ ತೆಗೆಯಬೇಕು.

44 ಇಂಚು ಪನ್ನದ ಬಟ್ಟೆಯಾದರೆ ಅರ್ಧ ತೋಳಿನ ದೊಗಳೆ ಶರ್ಟಿಗೆ ಎರಡೂಕಾಲು ಮೀಟರ್ ಸಾಕು. ಚೌಕಡಿ ಕೂಡಿಸಬೇಕಿದ್ದರೆ ಕಾಲು ಮೀಟರ್ ಹೆಚ್ಚು ಕೊಡಿ. ಎದುರಿನ ಎರಡು ಭಾಗ, ಕಿಸೆ ಇವುಗಳಲ್ಲಿ ಚೌಕ ಒಂದಕ್ಕೊಂದು ಕೂಡಿದೆಯೇ ಎಂಬುದು ಹೊಲಿಗೆಯ ಗುಣಕ್ಕೆ ಒಳ್ಳೆಯ ಅಳತೆಗೋಲು.

ನಾವು ನೋಡಿದ ಎಲ್ಲದರಲ್ಲಿ ದಿನ ಬಳಕೆಗೆ ಮೊದಲ ಸ್ಥಾನ ಖಾದಿಗೆ. ಕೈಯಲ್ಲಿ ನೂತ ನೂಲಿಗೆ ಗಿರಣಿ ನೂಲಿನಷ್ಟು ಬಿಗಿ ತಿರುಚು ಇರುವುದಿಲ್ಲ, ದಪ್ಪವೂ ಅಲ್ಲಲ್ಲಿ ಹೆಚ್ಚು ಕಡಿಮೆ. ಅದಕ್ಕೇ ಎಳೆಗಳ ನಡುವೆ ಗಾಳಿ ಆಡುತ್ತದೆ, ಬೆವರು ಬೇಗ ಹೀರುತ್ತದೆ, ಒದ್ದೆ ಬಟ್ಟೆ ಮೈಗೆ ಅಂಟಿಕೊಳ್ಳುವುದಿಲ್ಲ. ಖಾದಿ ಅಂದರೆ ತೆಳು ಬಿಳಿ ಅಂಗಿ ಎಂಬ ಕಲ್ಪನೆ ಇನ್ನೂ ಹೋಗಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುವುದು ಎಲ್ಲರಿಗೂ ಗೊತ್ತು. ಧ್ವಜದ ಬಟ್ಟೆ ಒಂದು ಬಗೆಯದಾದರೆ, ಹಗ್ಗ ಹಾಯಿಸುವ ಪಟ್ಟಿಗೆ ಬಳಸುವ ಖಾದಿ ಡಕ್ ಕ್ಯಾನ್ವಾಸಿನಷ್ಟು ಗಟ್ಟಿ. ಅಂದರೆ ಕೈನೂಲಿನಲ್ಲಿ ಅಂಗಿಯಿಂದ ಕಾರ್ಗೋವರೆಗೆ ಎಲ್ಲ ತೂಕದ ಬಟ್ಟೆಯೂ ಸಾಧ್ಯ.

ತೂಕ ನೋಡಿಯೇ ಕೊಳ್ಳಬೇಕು. ಬಟ್ಟೆಯ ತೂಕವನ್ನು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳುತ್ತಾರೆ. ಒಳ ಅಂಗಿಯಂತೆ ಹಾಕುವ ಶರ್ಟಿಗೆ 100ರಿಂದ 130 ಜಿಎಸ್‌ಎಂ, ಮೇಲಂಗಿಗೆ 180ರಿಂದ 220, ಪ್ಯಾಂಟಿಗೆ 240ಕ್ಕಿಂತ ಮೇಲೆ. ತೂಕ ಬರೆದಿಲ್ಲದಿದ್ದರೆ ನೂಲಿನ ಕೌಂಟ್ ಕೇಳಿ. ಕೌಂಟ್ ಏರಿದಷ್ಟು ನೂಲು ತೆಳು. 60ರ ಬಟ್ಟೆ ಶರ್ಟಿಗೆ, 20ರ ಆಸುಪಾಸಿನದು ಮೇಲಂಗಿಗೆ, ಅದಕ್ಕೂ ಕಡಿಮೆಯದು ಪ್ಯಾಂಟಿಗೆ. ತೆಳು ಖಾದಿಯಲ್ಲಿ ಹೊಲಿದ ಕಾರ್ಗೋ ಪ್ಯಾಂಟು ಈಗ ಎಲ್ಲೆಡೆ ಸಿಗುತ್ತಿದೆ. ಅದರ ಕಿಸೆಯಲ್ಲಿ ಫೋನಿಟ್ಟರೆ ತೊಡೆಯ ಬಳಿ ಜೋಲುತ್ತದೆ, ಕೂತು ಎದ್ದಾಗ ಮೊಣಕಾಲು ಉಬ್ಬಿ ನಿಲ್ಲುತ್ತದೆ, ಕವಲು ಮೊದಲು ಹರಿಯುತ್ತದೆ. ಕವಲಿನಲ್ಲಿ ವಜ್ರಾಕಾರದ ತುಂಡು, ಕಿಸೆಯ ಮೂಲೆಗಳಲ್ಲಿ ಒತ್ತು ಹೊಲಿಗೆ, ಕಿಸೆಯ ಹಿಂದೆ ಇನ್ನೊಂದು ಪದರ ಬಟ್ಟೆ, ಸೊಂಟಕ್ಕೆ ಎಲಾಸ್ಟಿಕ್ ಜೊತೆಗೆ ಲಾಡಿ, ಈ ನಾಲ್ಕೂ ಇದ್ದರೆ ಮಾತ್ರ ಖಾದಿ ಕಾರ್ಗೋಗೆ ಹಣ ಕೊಡಿ. ಒಳಹೊಲಿಗೆ ಜೀನ್ಸಿನಂತೆ ಮಡಿಚಿ ಎರಡು ಗೆರೆ ಹೊಡೆದಿರಬೇಕು, ಇಂಚಿಗೆ ಹತ್ತರಿಂದ ಹನ್ನೆರಡು ಹೊಲಿಗೆ. ಬರೀ ಓವರ್‌ಲಾಕ್ ಹೊಡೆದ ಖಾದಿ ಪ್ಯಾಂಟು ಒಗೆತಕ್ಕೆ ದಾರ ಬಿಡುತ್ತದೆ.

ಉತ್ತರ ಕರ್ನಾಟಕದ ಕಪ್ಪು ನೆಲದಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಜಯಧರ್ ಎಂಬ ದೇಸಿ ಹತ್ತಿ ಇದೆ. ಗುಜರಾತಿನ ಕಛ್‌ನ ಕಾಲಾ ಹತ್ತಿಯೂ ಇದೇ ಜಾತಿಯದು. ಎಳೆ ಗಿಡ್ಡ, ನೂಲು ದಪ್ಪ, ಬಟ್ಟೆ ಮೊದಲಿಗೆ ಒರಟು. ತೆಳು ಶರ್ಟಿಗೆ ಆಗದು, ಮೇಲಂಗಿಗೆ, ಪ್ಯಾಂಟಿಗೆ ಹೇಳಿ ಮಾಡಿಸಿದಂತಿದೆ. ಐದಾರು ಒಗೆತ ಆದ ಮೇಲೆ ಅದರ ಮೆದು ಗೊತ್ತಾಗುತ್ತದೆ. ಅಲ್ಲಿಯವರೆಗೆ ತಾಳ್ಮೆ ಬೇಕು. ಈ ಬಟ್ಟೆಯ ಉಡುಪು ಇನ್ನೂ ಹೆಚ್ಚು ಬರಬೇಕೆಂಬುದು ನಮ್ಮ ಆಸೆ. ನೂಲುವವರು, ನೇಯುವವರು, ಬೆಳೆಯುವವರು ಮೂವರೂ ಇದೇ ನಾಡಿನಲ್ಲಿದ್ದಾರೆ.

ಬಣ್ಣದ ವಿಷಯಕ್ಕೆ ಬಂದರೆ ಅಜ್ರಖ್ ಮೊದಲು ನೆನಪಾಗುತ್ತದೆ. ಕಛ್‌ನ ಅಜ್ರಖ್‌ನಲ್ಲಿ ಬಟ್ಟೆಯನ್ನು ಅಳಲೆಕಾಯಿಯ ಒಗರಿನಲ್ಲಿ ಅದ್ದಿ, ಬಣ್ಣ ಹತ್ತದಂತೆ ಸುಣ್ಣ ಮತ್ತು ಗೋಂದಿನ ತಡೆ ಮುದ್ರಿಸಿ, ಕಬ್ಬಿಣ ಬೆಲ್ಲ ಕೊಳೆಸಿದ ರಸದಿಂದ ಕಪ್ಪು, ಪಟಿಕದಿಂದ ಕೆಂಪು, ನೀಲಿಯ ಹೊಂಡದಿಂದ ನೀಲಿ, ಹೀಗೆ ಹದಿನಾಲ್ಕು ಹದಿನಾರು ಹಂತ ದಾಟಿಸುತ್ತಾರೆ. ನೀರಿನ ಗುಣ ಇದರಲ್ಲಿ ಎಷ್ಟು ಮುಖ್ಯ ಅಂದರೆ, 2001ರ ಭೂಕಂಪದ ನಂತರ ಅಜ್ರಖ್ ಮಾಡುತ್ತಿದ್ದ ಧಮಡ್ಕಾ ಊರಿನ ನೀರಿನಲ್ಲಿ ಕಬ್ಬಿಣ ಹೆಚ್ಚಾದ ಕಾರಣ ಅನೇಕ ಕುಶಲಕರ್ಮಿಗಳು ಭುಜ್ ಹತ್ತಿರ ಅಜ್ರಖ್‌ಪುರ ಎಂಬ ಹೊಸ ಊರನ್ನೇ ಕಟ್ಟಿಕೊಂಡರು.

ಅಸಲಿ ಅಜ್ರಖ್ ಶರ್ಟು ಹಾಕಿಕೊಳ್ಳಲು ಹಿತ. ಬಟ್ಟೆ ಹತ್ತಾರು ಸಲ ತೊಳೆದು ಬಂದಿರುವುದರಿಂದ ಹೆಚ್ಚು ಕುಗ್ಗುವುದಿಲ್ಲ. ಆದರೆ ನೀಲಿ ಉಜ್ಜಿದರೆ ಬಿಡುತ್ತದೆ. ಇದು ಕಳಪೆಯ ಗುರುತಲ್ಲ. ನೀಲಿಯ ಬಣ್ಣ ಎಳೆಯೊಂದಿಗೆ ರಾಸಾಯನಿಕವಾಗಿ ಬೆರೆಯುವುದಿಲ್ಲ, ಸಣ್ಣ ಕಣಗಳಾಗಿ ಎಳೆಯೊಳಗೆ ಸಿಕ್ಕಿಕೊಂಡಿರುತ್ತದೆ. ಮೇಲಿನ ಕಣಗಳು ಉದುರುವವರೆಗೆ ಬಿಳಿ ಶೂ, ತಿಳಿಬಣ್ಣದ ಬ್ಯಾಗು, ಸ್ಕೂಟರಿನ ಬಿಳಿ ಸೀಟು ಇವುಗಳಿಗೆ ತಾಗಿಸಬೇಡಿ. ಅಂಗಡಿಯಲ್ಲಿ ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಬಟ್ಟೆಯ ಒಳಬದಿಗೆ ಹತ್ತು ಸಲ ಉಜ್ಜಿ. ತಿಳಿ ನೀಲಿ ಕಲೆ ಬಂದರೆ ಪರವಾಗಿಲ್ಲ, ಕೆಂಪೂ ಕಪ್ಪೂ ಗಾಢವಾಗಿ ಬಂದರೆ ತೊಳೆತ ಸಾಲದು ಎಂದರ್ಥ. ಒಗೆಯುವಾಗ ಲಿಂಬೆ, ವಿನೆಗರ್ ಹಾಕಬೇಡಿ. ಕಬ್ಬಿಣದಿಂದ ಬಂದ ಕಪ್ಪು ಹುಳಿಗೆ ಮಾಸುತ್ತದೆ. ಆ ಕಪ್ಪು ಇರುವ ಕಡೆಯೇ ವರ್ಷಗಳು ಕಳೆದಂತೆ ಎಳೆ ಮೊದಲು ಸವೆಯುತ್ತದೆ, ಅದಕ್ಕೇ ಕಪ್ಪು ಗೆರೆ ಹೆಚ್ಚಿರುವ ಭಾಗವನ್ನು ಮೊಣಕೈಗೆ, ಕೂರುವ ಜಾಗಕ್ಕೆ ಹಾಕದಿದ್ದರೆ ಒಳ್ಳೆಯದು. ಸ್ಕ್ರೀನ್ ಮುದ್ರೆಯ ನಕಲಿಯನ್ನು ಹಿಂಬದಿ ನೋಡಿ ಗುರುತಿಸಬಹುದು. ಒಂದು ಬದಿ ಢಾಳಾಗಿದ್ದು ಇನ್ನೊಂದು ಬದಿ ಮಂಕಾಗಿ, ನಮೂನೆ ಯಂತ್ರದಂತೆ ಎಲ್ಲೂ ಕದಲದೆ ಬಂದಿರುತ್ತದೆ.

ಇದೇ ಒಳಬದಿಯ ಪರೀಕ್ಷೆ ಇಕತ್‌ಗೂ ಸಲ್ಲುತ್ತದೆ. ಪೋಚಂಪಲ್ಲಿಯಲ್ಲಾಗಲಿ ಸಂಬಲ್‌ಪುರದಲ್ಲಾಗಲಿ ನೂಲಿಗೇ ಕಟ್ಟು ಹಾಕಿ ಬಣ್ಣ ಹಾಕಿ ಆಮೇಲೆ ನೇಯುವುದರಿಂದ ಎರಡೂ ಬದಿ ಒಂದೇ ತೆರನಾಗಿರುತ್ತವೆ, ನಮೂನೆಯ ಅಂಚು ಗರಿಯಂತೆ ಹರಡಿರುತ್ತದೆ. ಐದುನೂರು ರೂಪಾಯಿಗೆ ಕೈಮಗ್ಗದ ಇಕತ್ ಶರ್ಟು ಅಂದರೆ ನಂಬಬೇಡಿ, ಅದು ಇಕತ್ ನಮೂನೆ ಮುದ್ರಿಸಿದ ಬಟ್ಟೆ.

ನಮ್ಮಲ್ಲೇ ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆಯ ಮಹಿಳೆಯರು ಅಡಿಕೆ ಬೇಯಿಸಿದ ರಸವಾದ ಚೊಗರಿನಂಥ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ಮಾಡುತ್ತಾರೆ, ‘ದೇಸಿ’ ಎಂಬ ಹೆಸರಿನ ಅಂಗಡಿಗಳಲ್ಲಿ ಸಿಗುತ್ತದೆ. ಆ ಕಂದು, ಕೆಮ್ಮಣ್ಣಿನ ಛಾಯೆಗಳು ಇಂದಿನ ಹುಡುಗರು ಇಷ್ಟಪಡುವ ಮಾಸಲು ಬಣ್ಣಗಳಿಗೆ ಸರಿಯಾಗಿ ಹೊಂದುತ್ತವೆ. ಅದಕ್ಕೆ ಒಂದೇ ಎಚ್ಚರ. ಚೊಗರು ಒಗರಿನ ಬಣ್ಣ, ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ತುಕ್ಕು ಹಿಡಿದ ಪಿನ್ನು, ಅಗ್ಗದ ಲೋಹದ ಒತ್ತುಗುಂಡಿ, ಕಬ್ಬಿಣದ ಬಕೆಟ್ಟು, ಕಬ್ಬಿಣದ ಅಂಶವಿರುವ ಬೋರ್‌ವೆಲ್ ನೀರು, ಇವುಗಳಲ್ಲಿ ಯಾವುದು ತಾಗಿದರೂ ಹೋಗದ ಕಪ್ಪು ಚುಕ್ಕೆ ಬೀಳುತ್ತದೆ. ತೆಂಗಿನ ಚಿಪ್ಪಿನ ಅಥವಾ ಮರದ ಗುಂಡಿ ಇರುವ ಅಂಗಿ ಆರಿಸಿ.

ಕಸೂತಿ ಮತ್ತು ಲಂಬಾಣಿ ಕೈಕೆಲಸದ ಉಡುಪುಗಳ ಬಗ್ಗೆ ಚಿಕ್ಕದಾಗಿ. ಧಾರವಾಡ ಕಡೆಯ ಕಸೂತಿಯಲ್ಲಿ ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಎಳೆ ಎಣಿಸಿ ಹಾಕುವ ಕೆಲಸ, ಗಂಟಿಲ್ಲ. ಗಾವಂತಿ, ಮುರ್ಗಿ ಎರಡೂ ಬದಿ ಒಂದೇ ರೀತಿ ಕಾಣುತ್ತವೆ. ಯಂತ್ರದ ಕಸೂತಿಯ ಹಿಂದೆ ಬಿಳಿ ದಾರ, ಗಂಟು, ಅಂಟಿಸಿದ ಕಾಗದದಂಥ ಪದರ ಇರುತ್ತದೆ, ಎದೆಯ ಮೇಲೆ ಬಂದರೆ ಚುಚ್ಚುತ್ತದೆ. ಟೀ ಶರ್ಟಿನ ಹೊಸೈರಿ ಬಟ್ಟೆಯ ಮೇಲೆ ಕಸೂತಿ ಬೇಡ. ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗದು, ಗೋಪುರವೂ ನವಿಲೂ ಸೊಟ್ಟಗಾಗುತ್ತವೆ. ಇಳಕಲ್ ಶರ್ಟಿನ ಕಾಲರಿಗೆ, ಖಾದಿ ಮೇಲಂಗಿಯ ಕಿಸೆಗೆ ಹಾಕಿಸಿ. ಸಂಡೂರಿನ ಲಂಬಾಣಿ ಕಸೂತಿ ಡೆನಿಮ್ ಜಾಕೆಟ್ಟಿಗೆ ಬಹಳ ಒಪ್ಪುತ್ತದೆ. ಬ್ಯಾಗು ಹೊರುವವರು ಬೆನ್ನಿನ ಮೇಲೆ ಕನ್ನಡಿ ಕವಡೆ ಇರುವುದನ್ನು ಕೊಳ್ಳಬೇಡಿ, ಬ್ಯಾಗಿನ ಉಜ್ಜಿಗೆ ದಾರ ಹರಿದು ಕನ್ನಡಿ ಉದುರುತ್ತದೆ. ಎದೆಯ ಪಟ್ಟಿ, ತೋಳಿನ ತುದಿ ಸುರಕ್ಷಿತ. ಒಗೆಯುವಾಗ ಒಳಗೆ ತಿರುಗಿಸಿ ಕೈಯಲ್ಲೇ ಒಗೆಯಬೇಕು.

ಒಗೆತದ ಬಗ್ಗೆ ಒಂದು ತಪ್ಪು ನಂಬಿಕೆ ಎಲ್ಲ ಮನೆಯಲ್ಲೂ ಇದೆ: ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು. ಬಣ್ಣ ಹಾಕುವ ಹೊಂಡದಲ್ಲಿ ಬಣ್ಣ ಎಳೆಗೆ ಹತ್ತಲು ಉಪ್ಪು ನೆರವಾಗುತ್ತದೆ, ಅಷ್ಟೆ. ಹೊಲಿದ ಬಟ್ಟೆಯಿಂದ ಬಿಡುವ ಬಣ್ಣವನ್ನು ಅದು ಹಿಡಿದಿಡುವುದಿಲ್ಲ. ಮೊದಲ ಮೂರು ಸಲ ಬೇರೆಯಾಗಿ, ತಣ್ಣೀರಿನಲ್ಲಿ, ಸೋಡಾ ಕಡಿಮೆ ಇರುವ ದ್ರವ ಸೋಪು ಅಥವಾ ಅಂಟುವಾಳದಲ್ಲಿ ಐದು ನಿಮಿಷ ಮೀರದಂತೆ ಒಗೆದು ತಕ್ಷಣ ನೆರಳಲ್ಲಿ ಹರವಿ. ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿ ಇಡುವುದೇ ಬಣ್ಣ ಹತ್ತಲು ಮುಖ್ಯ ಕಾರಣ.

ಗುರುತು ಚೀಟಿಗಳಲ್ಲಿ ನೋಡಬೇಕಾದವು ಮೂರು. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್, 2015ರ ಆಗಸ್ಟ್ 7ರಂದು ಶುರುವಾದ ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್, ಕೈನೂಲಿಗೆ ಖಾದಿ ಮಾರ್ಕ್. ‘ಕೈಮಗ್ಗದ ಸ್ಪರ್ಶ’, ‘ಪಾರಂಪರಿಕ ನಮೂನೆ’ ಎಂದು ಬರೆದ ಚೀಟಿಗೆ ಅರ್ಥವಿಲ್ಲ.

ಸಿದ್ಧ ಉಡುಪಿನಲ್ಲಿ ಇಷ್ಟೆಲ್ಲ ಸರಿಯಾಗಿ ಸಿಗದಿದ್ದರೆ ಬಟ್ಟೆ ಕೊಂಡು ಹೊಲಿಸುವುದೇ ಮೇಲು, ಹೆಚ್ಚಿನ ಊರುಗಳಲ್ಲಿ ಅಗ್ಗವೂ ಹೌದು. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳು, ಖಾದಿ ಭಂಡಾರಗಳು, ಇಳಕಲ್ ಗುಳೇದಗುಡ್ಡದ ಪೇಟೆ ಅಂಗಡಿಗಳಲ್ಲಿ ಮೀಟರಿನ ಬಟ್ಟೆ ಸಿಗುತ್ತದೆ. ದರ್ಜಿಗೆ ನಿಮಗೆ ಹಿತವಾದ ಹಳೆಯ ದೊಗಳೆ ಶರ್ಟೊಂದನ್ನು ಅಳತೆಗೆ ಕೊಡಿ, ಟೀ ಶರ್ಟು ಕೊಡಬೇಡಿ. ಬಟ್ಟೆಯನ್ನು ಮನೆಯಲ್ಲೇ ನೆನೆಸಿ ಒಣಗಿಸಿ ಕೊಂ‍ಡೊಯ್ಯಿರಿ. ಹೊಲಿಗೆಯಂಚು ಅರ್ಧ ಇಂಚು, ಕಂಕುಳಲ್ಲಿ ಮೂರು ಇಂಚಿನ ಚೌಕ, ಕಾಲರಿಗೆ ಗಟ್ಟಿ ಬಕ್ರಂ ಬೇಡ ಎಂದು ಚೀಟಿಯಲ್ಲಿ ಬರೆದುಕೊಡಿ. ಮಿಕ್ಕ ಚೂರುಗಳನ್ನು ಕೇಳಿ ತನ್ನಿ. ಅದರಲ್ಲಿ ಅಂಗೈಯಗಲದ ಎರಡು ತುಂಡನ್ನು ಎತ್ತಿಟ್ಟು, ಅಂಗಿ ಒಗೆದಾಗಲೆಲ್ಲ ಅವನ್ನೂ ಜೊತೆಗೇ ಒಗೆಯುತ್ತಿರಿ. ಮೊಣಕೈ ಹರಿದು ತೇಪೆ ಹಾಕುವ ಹೊತ್ತಿಗೆ ಅವೂ ಅಂಗಿಯಷ್ಟೇ ಮಾಸಿರುತ್ತವೆ, ತೇಪೆ ಎದ್ದು ಕಾಣುವುದಿಲ್ಲ.